ಔಷಧದ ನೋವೂ ಸಮಾಜದ ಋಣವೂ

ಒಂದು ಕೇಡನ್ನು ಕಳೆಯುವ ಸಲುವಾಗಿ ಇನ್ನೊಂದು ಕೇಡನ್ನು ಸಹಿಸಿಕೊಳ್ಳೆಂದು ಮನುಷ್ಯನು ಮನುಷ್ಯನಿಗೆ ವಿಧಿಸಬಹುದೆ, ವಿಧಿಸಿದಲ್ಲಿ ವಿಧಿಸಿದವನು ಹೊರಬೇಕಾದ ಹೊಣೆಯಾವುದು ಎಂಬ ಪ್ರಶ್ನೆ ಕ್ಷಯರೋಗದ ಚಿಕಿತ್ಸೆಯಲ್ಲಿ ಏಳುವಷ್ಟು ತೀವ್ರವಾಗಿ ಬೇರೆಡೆ ಏಳುವುದು ವಿರಳ. ಸಾಮಾನ್ಯ ಕ್ಷಯಕ್ಕೇ ಆರು ತಿಂಗಳ ಮದ್ದು. ಅದರಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಒಟ್ಟಾಗಿ. ಕೆಮ್ಮು ನಿಂತು, ಜ್ವರ ಇಳಿದು, ಮೈಗೆ ತುಸು ಕಸುವು ಬಂದ ಮೇಲೂ ರೋಗಿಯು ನುಂಗುತ್ತಲೇ ಇರಬೇಕು. ಏಕೆಂದರೆ ನಡುವೆ ಬಿಟ್ಟಲ್ಲಿ ಅಳಿದುಳಿದ ರೋಗಾಣುಗಳು ಮದ್ದಿಗೆ ಮಣಿಯದವಾಗಿ ಅವನನ್ನೂ ಅವನ ಮನೆಯವರನ್ನೂ ನೆರೆಹೊರೆಯನ್ನೂ ಕಾಡಬಲ್ಲುವು. ಹೀಗಾಗಿ ಅವನು ನುಂಗುವ ಗುಳಿಗೆಯ ಫಲದಲ್ಲಿ ಒಂದು ಪಾಲು ಅವನದು, ಇನ್ನೊಂದು ಪಾಲು ನಮ್ಮೆಲ್ಲರದು.

ಆದರೆ ಆ ಗುಳಿಗೆಯ ಸಂಕಟದಲ್ಲಿ ಪಾಲು ಕೊಳ್ಳುವವರಾರು? ಐಸೋನಿಯಜಿಡ್ ನರಗಳನ್ನು ಕೆಣಕಿ ಅಂಗಾಲಿಗೆ ಉರಿಯನ್ನೂ ಜೋಮನ್ನೂ ತರಬಲ್ಲುದು. ಪೈರಜಿನಮೈಡ್ ಕೀಲುಗಳನ್ನು ನೋಯಿಸಬಲ್ಲುದು. ಇವೆರಡೂ ರಿಫಾಂಪಿಸಿನ್ ಜೊತೆ ಸೇರಿ ಕೆಲವರ ಯಕೃತ್ತನ್ನು ಘಾಸಿಗೊಳಿಸುವುದುಂಟು. ಎಥಾಂಬ್ಯುಟಾಲ್ ಅಪರೂಪಕ್ಕೆ ಕಣ್ಣಿನ ನರವನ್ನು ತಾಕಿದಾಗ ಕೆಂಪು ಹಸುರುಗಳ ಭೇದವೇ ಮಸುಕಾಗುವುದು. ಅಂಗಳದಲ್ಲಿ ಹರವಿದ ಮೆಣಸಿನಕಾಯಿಯಲ್ಲಿ ಹಣ್ಣಾವುದು ಕಾಯಾವುದು ಎಂದು ತಡವರಿಸುವ ಗೃಹಿಣಿಯು ಅದು ವಯಸ್ಸಿನ ದೋಷವೆಂದು ಸುಮ್ಮನಾದರೆ, ಹೋದ ದೃಷ್ಟಿ ಮರಳದೆಯೂ ಇರಬಹುದು. 1943ರಲ್ಲಿ ದೊರೆತ ಸ್ಟ್ರೆಪ್ಟೋಮೈಸಿನ್ ಅಸಂಖ್ಯ ಜೀವಗಳನ್ನುಳಿಸಿತು, ಅನೇಕರ ಕಿವಿಯನ್ನೂ ಕೆಡಿಸಿತು. ಅದರ ಬಳಗದ ಇತರ ಚುಚ್ಚುಮದ್ದುಗಳೂ ಅದೇ ಹಾದಿಯವು. ಮುಂಬಯಿಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ ಎಂಬಿಬ್ಬರು ತರುಣಿಯರು ಚಿಕಿತ್ಸೆಯಿಂದಲೇ ಶ್ರವಣಶಕ್ತಿಯನ್ನು ಕಳೆದುಕೊಂಡು, ಬಳಿಕ ಅಂಥ ಚುಚ್ಚುಮದ್ದುಗಳ ಬದಲಿಗೆ ನುಂಗಬಹುದಾದ ಬೆಡಾಕ್ವಿಲಿನ್ ಎಂಬ ಔಷಧವು ಬಡವರ ಕೈಗೆಟುಕಲೆಂದು ಅದರ ಪೇಟೆಂಟಿನ ಅವಧಿಯನ್ನು ಹಿಗ್ಗಿಸುವ ಯತ್ನವನ್ನು ಭಾರತದಲ್ಲಿ ವಿರೋಧಿಸಿ, 2023ರಲ್ಲಿ ಗೆದ್ದರು. ತಾವು ಕಳೆದುಕೊಂಡುದನ್ನು ಪರರಿಗೆ ಉಳಿಸಿಕೊಟ್ಟ ಈ ಹೋರಾಟಕ್ಕಿಂತ ಮಿಗಿಲಾದ ಧರ್ಮಕಾರ್ಯವನ್ನು ನಾನು ಹೆಚ್ಚು ಕಂಡಿಲ್ಲ.

ಇಂಥ ನೋವನ್ನು ಪ್ರಾರಬ್ಧವೆಂದು ಕರೆದು ಕೈತೊಳೆದುಕೊಳ್ಳುವ ವಾಡಿಕೆ ನಮ್ಮಲ್ಲುಂಟು. ತಪಸ್ಸೆಂದು ಹೊಗಳಿ ಸುಮ್ಮನಿರಿಸುವ ವಾಡಿಕೆಯೂ ಉಂಟು. ನನಗೆ ಎರಡೂ ಸಮ್ಮತವಲ್ಲ. ಪಿರಿಡಾಕ್ಸಿನ್ ಎಂಬ ಅಗ್ಗದ ವಿಟಮಿನ್ ಮಾತ್ರೆಯು ಬಹುಮಟ್ಟಿಗೆ ತಡೆಯಬಲ್ಲ ಅಂಗಾಲುರಿಯನ್ನು ಪೂರ್ವಜನ್ಮದ ಲೆಕ್ಕಕ್ಕೆ ಬರೆಯುವುದು ಕರ್ಮಸಿದ್ಧಾಂತಕ್ಕೇ ಎಸಗುವ ಅಪಚಾರ. ಕಠೋಪನಿಷತ್ತಿನ ಬಾಲಕ ನಚಿಕೇತನಿಗೆ ಯಮನು ಹಿತವಾದ ಶ್ರೇಯಸ್ಸು, ಪ್ರಿಯವಾದ ಪ್ರೇಯಸ್ಸುಗಳೆರಡನ್ನೂ ವಿವರಿಸಿದನು. ಆರಿಸಿಕೊಳ್ಳುವ ವಿವೇಕವನ್ನು ಆ ಬಾಲಕನಲ್ಲಿಯೇ ಮನ್ನಿಸಿದನು. ಕಹಿಮದ್ದನ್ನು ತಿಳಿದು ಒಪ್ಪಿದ ರೋಗಿ ಶ್ರೇಯಸ್ಸನ್ನು ವರಿಸಿದವನೇ ಸರಿ. ಏನು ಬರುವುದೆಂದು ಅರಿಯದೆ ಅನುಭವಿಸಿದವನ ಮೇಲಾದರೋ ಆ ನೋವು ಹೇರಲ್ಪಟ್ಟಿತು. ಅದಕ್ಕೆ ತಪಸ್ಸಿನ ಗೌರವವನ್ನು ಹೊದಿಸುವುದು ಕ್ರೌರ್ಯ.

ರಿಫಾಂಪಿಸಿನ್ ಸೇವಿಸಿದವರ ಮೂತ್ರವು ಕಿತ್ತಳೆಗೆಂಪಾಗುವುದು. ಬೆವರು ಕಣ್ಣೀರುಗಳಿಗೂ ಆ ಬಣ್ಣ ಇಳಿಯಬಹುದು. ಅದರಿಂದ ಅಪಾಯವೇನೂ ಇಲ್ಲ. ಆದರೆ ಯಾರೂ ಮೊದಲೇ ತಿಳಿಸದಿದ್ದಲ್ಲಿ, ನಸುಕಿನಲ್ಲಿ ಬಚ್ಚಲಿಗೆ ಹೋದವನು ಅದನ್ನು ರಕ್ತವೆಂದೇ ಬಗೆದು, ಉಳಿದ ಮಾತ್ರೆಗಳನ್ನು ತಿಪ್ಪೆಗೆಸೆದರೆ ಅವನನ್ನು ದೂರುವ ಅಧಿಕಾರ ಯಾರಿಗಿದೆ? ನಮ್ಮೆಲ್ಲರ ಕ್ಷೇಮಕ್ಕಾಗಿಯೂ ಮದ್ದು ನುಂಗುವವನಿಗೆ ಸಮಾಜವು ಋಣಿ. ನಿಜವನ್ನು ಮುಂಚಿತವಾಗಿ ಹೇಳುವುದು ಆ ಋಣದ ಮೊದಲ ಕಂತು, ಅವನ ದೂರನ್ನು ನಂಬಿ ಆಲಿಸುವುದು ಎರಡನೆಯದು.

ಆದುದರಿಂದ ಮದ್ದು ಕೊಡುವ ವೈದ್ಯರಲ್ಲಿಯೂ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಲ್ಲಿಯೂ ನನ್ನ ಬಿನ್ನಹ ಇಷ್ಟೆ: ಏನಾಗಬಹುದೆಂದು ಮೊದಲ ದಿನವೇ ಹೇಳಿರಿ, ಆದಾಗ ಬಂದು ಹೇಳಿದವರನ್ನು ಗದರಬೇಡಿರಿ. ಮದ್ದು ನುಂಗುತ್ತಿರುವವರೇ, ಬೇಸರದಿಂದ ನಿಮ್ಮಷ್ಟಕ್ಕೆ ನೀವೇ ಅದನ್ನು ಬಿಡಬೇಡಿರಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ, ಮುಂದಿನ ಗುಳಿಗೆಗೆ ಮೊದಲೇ ವೈದ್ಯರಲ್ಲಿಗೆ ಹೋಗಿರಿ.