ಮಾರಿದ ಮೇಲೆ ಏನು ಉಳಿಯುತ್ತೆ?

ಜೇಮ್ಸ್ ಬಾಂಡ್ ಸಿನಿಮಾಗಳ ಹುಚ್ಚಿರುವವರು 'ಫ್ರಮ್ ರಷ್ಯಾ ವಿತ್ ಲವ್' ಹಾಡು ಕೇಳಿರುತ್ತೀರಿ. ಹಾಡಿದವನು ಮ್ಯಾಟ್ ಮನ್ರೋ. ಬರೆದವನು ಲಯೊನೆಲ್ ಬಾರ್ಟ್. ಈ ಬಾರ್ಟ್‌ನ ಕಥೆ ಓದಿದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತಿಳಿದೂ ತಿಳಿದೂ ಸಹಿ ಹಾಕಿ ಮಾರಿದ ವಸ್ತುವಿನಿಂದ, ಮಾರಿದವನಿಗೆ ಆಮೇಲೂ ಏನಾದರೂ ಸಲ್ಲಬೇಕಾ?

ಬಾರ್ಟ್ ಹುಟ್ಟಿದ್ದು 1930ರಲ್ಲಿ, ಲಂಡನ್ನಿನ ಈಸ್ಟ್ ಎಂಡ್‌ನ ಒಬ್ಬ ಯಹೂದಿ ದರ್ಜಿಯ ಮನೆಯಲ್ಲಿ. ಕಲಿತದ್ದು ಚಿತ್ರಕಲೆ. ಸಂಗೀತವನ್ನು ಕಾಗದದ ಮೇಲೆ ಬರೆಯೋದು ಬರುತ್ತಿರಲಿಲ್ಲ. ತಲೆಗೆ ಬಂದ ರಾಗ ಗುನುಗುತ್ತಿದ್ದ, ಬಲ್ಲವರು ಅದನ್ನು ಸ್ವರಲಿಪಿಗೆ ಇಳಿಸುತ್ತಿದ್ದರು. 1950ರ ದಶಕದಲ್ಲಿ ಟಾಮಿ ಸ್ಟೀಲ್, ಮೈಕ್ ಪ್ರ್ಯಾಟ್ ಜೊತೆ ಸೇರಿ 'ಕೇವ್‌ಮೆನ್' ಅಂತ ತಂಡ ಕಟ್ಟಿಕೊಂಡು ಹಾಡಿದ. 1959ರಲ್ಲಿ ಅವನು ಬರೆದ 'ಲಿವಿಂಗ್ ಡಾಲ್' ಅನ್ನು ಕ್ಲಿಫ್ ರಿಚರ್ಡ್ ಹಾಡಿ ದೇಶಕ್ಕೆಲ್ಲ ಕೇಳಿಸಿದ.

ಮರುವರ್ಷ ಜೂನ್ 30ಕ್ಕೆ 'ಆಲಿವರ್!' ರಂಗಕ್ಕೆ ಬಂತು. ಕಥೆ ಡಿಕನ್ಸ್‌ನ ಕಾದಂಬರಿಯದು. ಮಾತು, ಹಾಡು, ರಾಗ ಎಲ್ಲ ಬಾರ್ಟ್‌ನದು. ಲಂಡನ್ನಿನಲ್ಲಿ 2,618 ಪ್ರದರ್ಶನ. ನ್ಯೂಯಾರ್ಕಿಗೆ ಹೋಗಿ ಟೋನಿ ಪ್ರಶಸ್ತಿ ತಂತು. 1968ರಲ್ಲಿ ಸಿನಿಮಾ ಆಗಿ, ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಕೂಡ ಗೆದ್ದಿತು.

ಆದರೆ ಬಾರ್ಟ್‌ನ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. 1965ರ ಕೊನೆಗೆ ರಾಬಿನ್ ಹುಡ್ ಕಥೆ ಇಟ್ಟುಕೊಂಡು 'ಟ್ವ್ಯಾಂಗ್!!' ಮಾಡಿದ. ಲಂಡನ್ನಿಗೆ ಬರುವ ಮೊದಲೇ ನಿರ್ದೇಶಕಿ ಜೋನ್ ಲಿಟಲ್‌ವುಡ್ ಬಿಟ್ಟು ನಡೆದರು. ಹಣ ಹಾಕಿದವರೂ ಹಿಂದೆ ಸರಿದಾಗ ತನ್ನದೇ ದುಡ್ಡು ಸುರಿದ. ಒಂದೂವರೆ ತಿಂಗಳೊಳಗೆ ನಾಟಕ ಮುಚ್ಚಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ 'ಲಾ ಸ್ಟ್ರಾಡಾ' ಒಂದೇ ಪ್ರದರ್ಶನಕ್ಕೆ ನಿಂತುಹೋಯಿತು. ಮುಳುಗುವುದನ್ನು ಉಳಿಸಿಕೊಳ್ಳುವ ಭರದಲ್ಲಿ ಅವನು ತೇಲುತ್ತಿದ್ದುದನ್ನೇ ಮಾರಿದ. 'ಆಲಿವರ್!' ಹಕ್ಕನ್ನು ಮ್ಯಾಕ್ಸ್ ಬೈಗ್ರೇವ್ಸ್ ಎಂಬ ಮನರಂಜನಾ ಕಲಾವಿದನಿಗೆ 350 ಪೌಂಡಿಗೆ ಬರೆದುಕೊಟ್ಟ. ಬೈಗ್ರೇವ್ಸ್ ಅದನ್ನು ಮುಂದೆ 2,50,000 ಪೌಂಡಿಗೆ ಮಾರಿದ. 1972ರಲ್ಲಿ ಬಾರ್ಟ್ ದಿವಾಳಿಯಾದ. ಆಮೇಲಿನ ವರ್ಷಗಳನ್ನು ಕುಡಿತ ತಿಂದುಹಾಕಿತು.

ನನ್ನ ಎಂಜಿನಿಯರ್ ತಲೆ ಮೊದಲು ಹೇಳಿದ್ದು ಇಷ್ಟೇ: ಸಹಿ ಅಂದರೆ ಸಹಿ. ಅವನೇನು ಮಗು ಅಲ್ಲ. ಯಾರೂ ಕತ್ತಿಗೆ ಚಾಕು ಹಿಡಿದಿರಲಿಲ್ಲ. ಈ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಬೆಲೆ ಏರಿದಾಗಲೆಲ್ಲ ಹಳೇ ವ್ಯವಹಾರ ಬಿಚ್ಚಬಹುದು ಅಂತಾದರೆ ಕಷ್ಟದಲ್ಲಿರುವವನಿಂದ ಯಾರು ತಾನೇ ಕೊಳ್ಳುತ್ತಾರೆ? ಅವನಿಗೆ ಆವತ್ತಿಗೆ ಬೇಕಾದ ದುಡ್ಡೂ ಹುಟ್ಟಲ್ಲ.

ಇನ್ನೊಂದೂ ಇದೆ. ಬಾರ್ಟ್ ಕೂಡ ಇನ್ನೊಬ್ಬರ ಗದ್ದೆಯಲ್ಲೇ ಬೆಳೆ ತೆಗೆದವನು. ಡಿಕನ್ಸ್ ಆ ಕಾದಂಬರಿ ಬರೆದು ನೂರಿಪ್ಪತ್ತು ವರ್ಷ ಆಗಿತ್ತು, ಹಕ್ಕುಸ್ವಾಮ್ಯ ಎಂದೋ ಮುಗಿದಿತ್ತು. ಅವನು ಗುನುಗಿದ್ದನ್ನು ಬರೆದುಕೊಂಡವರು, ವಾದ್ಯಗಳಿಗೆ ಹೊಂದಿಸಿದವರು ಬೇರೆ. ಲೆಕ್ಕ ಹಾಕುತ್ತಾ ಹೋದರೆ ಯಾವುದೂ ಯಾರೊಬ್ಬರದೇ ಅಲ್ಲ.

ಕಾನೂನು ಕೆಲವೊಮ್ಮೆ ಇದನ್ನು ತನ್ನ ರೀತಿಯಲ್ಲಿ ಗಮನಿಸಿದ್ದಿದೆ. ನಮ್ಮ ದೇಶದಲ್ಲೇ 2012ರ ತಿದ್ದುಪಡಿಯ ನಂತರ, ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಗೀತರಚನಕಾರ ಮತ್ತು ಸಂಗೀತ ಸಂಯೋಜಕರಿಗೆ ಸಮಪಾಲು ಇದೆ. ಆ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುತ್ತೇನೆ ಅಂತ ಅವರೇ ಸಹಿ ಹಾಕಿದರೂ ನಡೆಯುವುದಿಲ್ಲ. ಹಸಿದವನ ಸಹಿಗೆ ಎಷ್ಟು ತೂಕ ಕೊಡಬೇಕು ಅನ್ನೋ ಅನುಮಾನ ಕಾನೂನಿಗೂ ಬಂದಿದೆ ಅಂತಾಯ್ತು.

ಬಾರ್ಟ್‌ಗೆ ಅಂಥ ಕಾನೂನು ಇರಲಿಲ್ಲ. ಅವನಿಗೆ ಸಿಕ್ಕಿದ್ದು ಕ್ಯಾಮರನ್ ಮ್ಯಾಕಿಂಟಾಷ್. 1960ರ ದಶಕದಲ್ಲಿ 'ಆಲಿವರ್!' ಊರೂರು ಸುತ್ತುವಾಗ ಈ ಮ್ಯಾಕಿಂಟಾಷ್ ಅದರಲ್ಲಿ ಸಹಾಯಕ ರಂಗ ವ್ಯವಸ್ಥಾಪಕನಾಗಿದ್ದ ಹುಡುಗ. ಮುಂದೆ ದೊಡ್ಡ ನಿರ್ಮಾಪಕನಾಗಿ, ಆ ನಾಟಕದ ಅರ್ಧ ಹಕ್ಕಿನ ಒಡೆಯನೂ ಆದ. 1994ರಲ್ಲಿ ಲಂಡನ್ ಪಲ್ಲೇಡಿಯಂನಲ್ಲಿ ಅದನ್ನು ಮತ್ತೆ ಆಡಿಸಿದಾಗ ಬಾರ್ಟ್‌ನನ್ನು ಕರೆದು ಕೆಲವು ಕಡೆ ಹೊಸದಾಗಿ ಬರೆಸಿದ, ಪ್ರದರ್ಶನದ ರಾಯಧನದಲ್ಲಿ ಪಾಲು ಕೊಟ್ಟ. 1999ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬಾರ್ಟ್ ಮತ್ತೆ ತನ್ನ ನಾಟಕದವನಾಗಿದ್ದ.

ಇದನ್ನು ಏನಂತ ಕರೆಯೋಣ? ದಾನ ಅಂದರೆ ಬಾರ್ಟ್ ಸಣ್ಣವನಾಗುತ್ತಾನೆ. ಸಾಲ ತೀರಿಸಿದ್ದು ಅಂದರೆ ಸುಳ್ಳಾಗುತ್ತದೆ, ಅವನು ಕೇಳುವ ಹಾಗೇ ಇರಲಿಲ್ಲವಲ್ಲ.

ನನಗೆ ಉತ್ತರದ ಹತ್ತಿರ ಕರೆದುಕೊಂಡು ಹೋಗಿದ್ದು ನಮ್ಮೂರ ಹಲಸಿನ ಮರ. ನನ್ನ ಬಿಇ ಫೀಸಿಗೆ ಅಪ್ಪ ಹೊಲದ ಒಂದು ತುಂಡು ಮಾರಿದರು. ಅದರ ಬದುವಿನಲ್ಲಿ ಅಜ್ಜ ನೆಟ್ಟ ಹಲಸು. ಕೊಂಡವರು ಪ್ರತಿ ಬೇಸಿಗೆ ಎರಡು ಹಣ್ಣು ತಂದು ನಮ್ಮ ಜಗಲಿ ಮೇಲೆ ಇಟ್ಟು ಹೋಗುತ್ತಾರೆ. ಕ್ರಯಪತ್ರದಲ್ಲಿ ಹಾಗಂತ ಎಲ್ಲೂ ಬರೆದಿಲ್ಲ. ಕೆಲಸ ಸಿಕ್ಕ ಹೊಸದರಲ್ಲಿ ಒಮ್ಮೆ ನಾನೇ ಎದುರಿಗಿದ್ದೆ. "ಯಾಕೆ ತರ್ತೀರಿ ದೊಡ್ಡಪ್ಪ, ಅದು ನಿಮ್ಮ ಮರ ಅಲ್ವಾ" ಅಂದೆ. ಅವರು ಹೋದ ಮೇಲೆ ಅಪ್ಪ ಬೈದರು: "ನಾವು ಕೇಳಬಾರದು, ಸರಿ. ಅವರು ಕೊಡಬಾರದು ಅನ್ನೋಕೆ ನೀನ್ಯಾರು?"

ಆ ಮಾತಲ್ಲೇ ಎಲ್ಲ ಇದೆ ಅಂತ ಈಗ ಅನ್ನಿಸುತ್ತೆ. ಸಹಿ ಮುಗಿಸೋದು ಕೇಳುವ ಹಕ್ಕನ್ನು ಮಾತ್ರ. ಕೊಡಬೇಕಾದವನ ಋಣವನ್ನು ಅದು ಮುಗಿಸಲ್ಲ. ಎದುರಿಗೆ ಹಕ್ಕೇ ಇಲ್ಲದ ಕರ್ತವ್ಯಗಳೂ ಇರುತ್ತವೆ. ಅವನ್ನು ಯಾರೂ ವಸೂಲಿ ಮಾಡಲಾರರು. ಅದಕ್ಕೇ ಅವು ಪೂರ್ತಿಯಾಗಿ ನಮ್ಮ ಮೇಲೇ ಬೀಳುತ್ತವೆ.

ಇದನ್ನು ಬರೆಯುವಾಗ ನನ್ನದೂ ಒಂದು ಬಾಕಿ ನೆನಪಾಗುತ್ತಿದೆ. ಹೋದ ವರ್ಷ ನನಗೆ ಬಡ್ತಿ ಸಿಕ್ಕಿದ್ದು ಒಂದು ಮಾಡ್ಯೂಲ್‌ನಿಂದಾಗಿ. ಅದರ ಬುನಾದಿ ಹಾಕಿದವಳು ನಾನು ಸೇರುವ ಮೊದಲೇ ಕೆಲಸ ಬಿಟ್ಟಿದ್ದಳು. ಕೋಡ್ ಕಂಪನಿಯದು, ಅವಳೂ ಸಹಿ ಹಾಕಿಯೇ ಹೋಗಿದ್ದಾಳೆ. ಮೀಟಿಂಗಿನಲ್ಲಿ ಚಪ್ಪಾಳೆ ಬಿದ್ದಾಗ ಅವಳ ಹೆಸರು ನನ್ನ ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಅವಳು ಯಾವತ್ತೂ ಕೇಳಲ್ಲ. ಸೋಮವಾರ ಟೀಮಿಗೆಲ್ಲ ಒಂದು ಮೇಲ್ ಬರೆಯಬೇಕು, ಅವಳಿಗೂ ಒಂದು ಪ್ರತಿ ಹಾಕಿ.