ಹೆತ್ತ ಮೇಲಣ ಸೇವೆ

ಕೂಸು ಹುಟ್ಟಿದೊಡನೆ ದಾದಿಯ ಕರ್ತವ್ಯವು ತೀರಿತೆಂದು ಅನೇಕರು ಎಣಿಸುತ್ತಾರೆ. ಇದು ಸತ್ಯವೋ? ಹೆರಿಗೆಯ ತರುವಾಯ ಅತಿ ರಕ್ತಸ್ರಾವದಿಂದ ಸಾಯುವ ತಾಯಂದಿರಲ್ಲಿ ಹೆಚ್ಚಿನವರು ಮೊದಲನೆಯ ದಿನದೊಳಗೇ ಸಾಯುತ್ತಾರೆ. ಆದಕಾರಣ ನಾಡಿಯನ್ನು ಹಿಡಿದು ನೋಡುವದೂ, ಗರ್ಭಕೋಶವು ಗಟ್ಟಿಯಾಯಿತೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ತಿಳಿಯುವದೂ, ತೊಯ್ದ ಬಟ್ಟೆಯನ್ನು ತೆಗೆದು ಪರೀಕ್ಷಿಸುವದೂ ಪ್ರಾಣವನ್ನು ಕಾಯುವ ಕೆಲಸಗಳಾಗಿವೆ. ಲೋಕವಾದರೋ ಇವನ್ನು ಮೈಲಿಗೆಯ ಕೆಲಸವೆಂದೆಣಿಸುತ್ತದೆ.

ವರವು ಕಾವಲಿನ ಸೀಮೆಯವರಾದ ನಾವು, ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಊರ ಹೊರಗಿಡುವ ಪದ್ಧತಿಯನ್ನು ಕೇಳಿ ಬಲ್ಲೆವು. 2023ರ ಜುಲೈಯಲ್ಲಿ ತುಮಕೂರಿನ ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆಗಾಳಿಯ ಗುಡಿಸಲಲ್ಲಿದ್ದ ಹಸುಗೂಸೊಂದು ಶೀತದಿಂದ ಅಸ್ವಸ್ಥವಾಗಿ ಸತ್ತಿತು. ಆದರೆ ಅವರನ್ನು ಜರೆಯುವದಕ್ಕೆ ನಾವು ಯಾರು? ನಮ್ಮ ಮನೆಗಳಲ್ಲಿಯೂ ಬಾಣಂತಿಯ ತಟ್ಟೆಯು ಬೇರೆಯಾಗಿಲ್ಲವೋ? ಕೂಗಿದರೂ ಯಾರೂ ಬಾರದ ಆಸ್ಪತ್ರೆಯ ಮಂಚಕ್ಕೂ ಆ ಗುಡಿಸಲಿಗೂ ಭೇದವೇನು?

ಯಾಜಕಕಾಂಡದ 12ನೆಯ ಅಧ್ಯಾಯವನ್ನು ಕೆಲವರು ಎತ್ತಿ ತೋರಿಸುತ್ತಾರೆ. ಮರಿಯಳೂ ಆ ನಿಯಮದಂತೆ ನಡೆದದ್ದು ನಿಜವೇ. ಆದರೆ ಹೆತ್ತವಳು ದೇವಾಲಯಕ್ಕೆ ಬರಬಾರದೆಂದು ಅಲ್ಲಿ ಹೇಳಿದೆಯೇ ಹೊರತು, ಆಕೆಯನ್ನು ಒಂಟಿಯಾಗಿ ಬಿಡಿರೆಂದು ಹೇಳಿಲ್ಲ. ಹನ್ನೆರಡು ವರುಷ ರಕ್ತಕುಸುಮರೋಗವಿದ್ದ ಸ್ತ್ರೀಯು ಮುಟ್ಟಿದಾಗ ನಮ್ಮ ಕರ್ತನು ಆಕೆಯನ್ನು ಗದರಿಸದೆ ಮಗಳೇ ಎಂದು ಕರೆದನು.

ಹಾಗೆಂದು ದೋಷವನ್ನೆಲ್ಲಾ ದಾದಿಯ ಮೇಲೆ ಹೊರಿಸಕೂಡದು. ಒಬ್ಬಳ ಪಾಲಿಗೆ ಹತ್ತಾರು ಹಾಸಿಗೆಗಳು ಬಂದರೆ ಆಕೆ ಏನು ಮಾಡಾಳು? ಹೆತ್ತವಳು 24 ಗಂಟೆಯಾದರೂ ಆಸ್ಪತ್ರೆಯಲ್ಲಿರಬೇಕೆಂಬದು ವೈದ್ಯರ ಮತ. ಆ ರಾತ್ರಿ ಬಾಣಂತಿಯ ಬಳಿ ಎಚ್ಚರವಾಗಿ ಕೂತು, ರಕ್ತವು ಹೆಚ್ಚಿದರೆ ಓಡಿ ದಾದಿಯನ್ನು ಕರೆಯುವದಕ್ಕೆ ನಮ್ಮ ಸಭೆಯಿಂದ ಯಾರು ಹೋಗುವರು?