ದಧೀಚಿಯೂ ಶುನಃಶೇಪನೂ

ವೃತ್ರಾಸುರನ ಸಂಹಾರಕ್ಕಾಗಿ ದೇವತೆಗಳು ದಧೀಚಿ ಮಹರ್ಷಿಯ ಅಸ್ಥಿಗಳನ್ನು ಬೇಡಿದ ಕಥೆಯನ್ನು ಅರಿಯದವರು ವಿರಳ. ಆದರೆ ಆ ಕಥೆಯಲ್ಲಿ ಸಾಮಾನ್ಯವಾಗಿ ಯಾರೂ ನಿಂತು ನೋಡದಿರುವ ಒಂದು ಸ್ಥಳವುಂಟು. ಭಾಗವತದ ಆರನೆಯ ಸ್ಕಂಧದಲ್ಲಿ ಮಹರ್ಷಿಯು ಕೇಳಿದೊಡನೆಯೇ ದೇಹವನ್ನು ಕೊಟ್ಟುಬಿಡುವುದಿಲ್ಲ. ದೇಹಧಾರಿಗಳಿಗೆ ಮರಣಕಾಲದಲ್ಲಿ ಒದಗುವ ದುಸ್ಸಹವಾದ ಸಂಕಟವು ನಿಮಗೆ ತಿಳಿಯದೇ ಎಂದು ನಸುನಗುತ್ತ ದೇವತೆಗಳನ್ನೇ ಕೇಳುತ್ತಾನೆ. ಸ್ವಾರ್ಥಪರನಾದ ಯಾಚಕನಿಗೆ ಪರಸಂಕಟವು ತಿಳಿಯುವುದಿಲ್ಲವೆಂದು ದೇವತೆಗಳೂ ಒಪ್ಪಿಕೊಳ್ಳುತ್ತಾರೆ. ಇಷ್ಟು ಮಾತು ನಡೆದ ಮೇಲೆಯೇ ದಾನ.

ಈ ಪ್ರಸಂಗವು ಇಂದಿನ ಒಂದು ಧರ್ಮಪ್ರಶ್ನೆಗೆ ಬಹು ಸಮೀಪವಾದುದು. ಏಡ್ಸ್ ಎಂಬ ವ್ಯಾಧಿಯು 1981ರಲ್ಲಿ ಅಮೆರಿಕೆಯಲ್ಲಿ ಮೊದಲು ಗುರುತಿಸಲ್ಪಟ್ಟಿತು. ಅದಕ್ಕೆ ಕಾರಣವಾದ ವೈರಾಣುವು ಕಂಡುಬಂದೊಡನೆ, 1984ರ ಏಪ್ರಿಲಿನಲ್ಲಿ, ಆ ದೇಶದ ಆರೋಗ್ಯಸಚಿವೆ ಮಾರ್ಗರೆಟ್ ಹೆಕ್ಲರ್ ಅವರು ಸುಮಾರು ಎರಡು ವರ್ಷಗಳಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾಗಬಹುದೆಂದು ಆಶಿಸಿದರು. ಪರೀಕ್ಷೆಯೇನೋ 1987ರ ಆಗಸ್ಟಿನಲ್ಲಿ ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾದಲ್ಲಿ ಆರಂಭವಾಯಿತು. 138 ಮಂದಿ ಆರೋಗ್ಯವಂತರು ಅದಕ್ಕೆ ತೋಳೊಡ್ಡಿದರು. ಲಸಿಕೆಯು ಮಾತ್ರ ಇಂದಿಗೂ ಕೈಗೆ ಬಂದಿಲ್ಲ. ಎಡೆಬಿಡದೆ ರೂಪಾಂತರಹೊಂದುತ್ತ, ಸಕ್ಕರೆಯ ಕಣಗಳನ್ನೇ ಕವಚವಾಗಿ ತೊಟ್ಟು ದೇಹದ ಕಾವಲುಗಾರರಿಗೆ ಮರೆಯಾಗುವ ಎಚ್.ಐ.ವಿ. ಎಂಬ ಈ ಅಣುವು ವೃತ್ರನಿಗಿಂತಲೂ ಮಾಯಾವಿ ಎನ್ನಬೇಕು.

ಲಸಿಕೆಯ ಪ್ರಥಮ ಘಟ್ಟದ ಪರೀಕ್ಷೆಯೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳದಿದ್ದರೆ ವಿಚಾರವು ಮುಂದೆ ಸಾಗದು. ಇಲ್ಲಿ ಯಾರಿಗೂ ರೋಗವನ್ನು ಅಂಟಿಸಿ ನೋಡುವುದಿಲ್ಲ. ಲಸಿಕೆಯಲ್ಲಿ ಇಡೀ ವೈರಾಣುವೂ ಇರುವುದಿಲ್ಲ; ಅದರ ಒಂದು ತುಣುಕು, ಇಲ್ಲವೆ ಆ ತುಣುಕನ್ನು ದೇಹವೇ ರಚಿಸಿಕೊಳ್ಳುವಂತೆ ಮಾಡುವ ಬೀಜಾಂಶ ಇರುವುದರಿಂದ, ಲಸಿಕೆಯಿಂದಲೇ ಏಡ್ಸ್ ಬರಲಾರದು. ರೋಗದ ಸೋಂಕಿಗೆ ಹೆಚ್ಚು ಆಸ್ಪದವಿಲ್ಲದ ಕೆಲವೇ ಡಜನು ವಯಸ್ಕರನ್ನು ಆರಿಸಿ, ಅಲ್ಪ ಪ್ರಮಾಣದಿಂದ ತೊಡಗಿ ಕ್ರಮವಾಗಿ ಹೆಚ್ಚಿಸುತ್ತ, ಕೆಲವರಿಗೆ ಲಸಿಕೆಯನ್ನೂ ಕೆಲವರಿಗೆ ಬರಿಯ ದ್ರವವನ್ನೂ ಚುಚ್ಚಿ, ಎರಡು ಸಂಗತಿಗಳನ್ನು ನೋಡುತ್ತಾರೆ: ಇದರಿಂದ ಕೇಡಾಗುವುದೇ? ದೇಹವು ಇದಕ್ಕೆ ಓಗೊಡುವುದೇ? ರೋಗವನ್ನು ತಡೆಯುವುದೇ ಎಂಬುದು ಆಗಿನ್ನೂ ದೂರದ ಮಾತು. ಭಾರತದಲ್ಲಿ ಇಂತಹ ಮೊದಲ ಪರೀಕ್ಷೆಯು 2005ರ ಫೆಬ್ರವರಿಯಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ 30 ಮಂದಿಯೊಡನೆ ತೊಡಗಿತು. ಎರಡನೆಯದು 2006ರಲ್ಲಿ ಚೆನ್ನೈಯ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿ 32 ಮಂದಿಯೊಡನೆ.

ಇಲ್ಲಿ ಪೂರ್ವಪಕ್ಷವು ಹೀಗೆ ಹೊರಡುತ್ತದೆ. ರೋಗಿಯನ್ನು ಸ್ವಸ್ಥನನ್ನಾಗಿ ಮಾಡುವುದು ವೈದ್ಯನ ಧರ್ಮ. ಸ್ವಸ್ಥನನ್ನು ಕರೆದು, ಅವನಿಗೆ ಯಾವ ಉಪಕಾರವೂ ಇಲ್ಲದ ಮದ್ದನ್ನು ಚುಚ್ಚಿ, ಏನಾಗುವುದೋ ನೋಡುವುದು ಯಾವ ಧರ್ಮ? ರೋಗಿಯಾದವನು ಹೊಸ ಔಷಧವನ್ನು ಕುಡಿದರೆ ತನಗೆ ಗುಣವಾದೀತೆಂಬ ಆಸೆಯಾದರೂ ಅವನಿಗಿರುತ್ತದೆ. ಆರೋಗ್ಯವಂತನಿಗೆ ಅದೂ ಇಲ್ಲ. ಶರೀರವು ಸಕಲ ಧರ್ಮಗಳಿಗೂ ಸಾಧನವೆನ್ನುವ ನಾಡಿನಲ್ಲಿ ಅದನ್ನು ಪರರ ಜಿಜ್ಞಾಸೆಗೆ ಒಪ್ಪಿಸುವುದು ಧರ್ಮಹಾನಿಯಲ್ಲವೇ?

ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಶರೀರವು ಸಾಧನವಾದರೆ ಅದನ್ನು ಬಳಸಲೂ ಬೇಕಷ್ಟೆ. ಬಳಸದೆ ಪೆಟ್ಟಿಗೆಯಲ್ಲಿಟ್ಟ ಸಾಧನದಿಂದ ಯಾವ ಧರ್ಮವೂ ಸಿದ್ಧಿಸದು. ಮಗನು ಸೈನ್ಯಕ್ಕೆ ಸೇರಿದಾಗ ಹೆಮ್ಮೆಪಡುವ ಮನೆತನವು, ಅದೇ ಮಗನು ಲಸಿಕೆಯ ಪರೀಕ್ಷೆಗೆ ಹೋಗುವೆನೆಂದಾಗ ಹೌಹಾರುವುದಾದರೆ, ಆ ಅಂಜಿಕೆಗೆ ಅಪಾಯದ ಪ್ರಮಾಣವು ಕಾರಣವಲ್ಲ, ವ್ಯಾಧಿಯ ಹೆಸರೇ ಕಾರಣ.

ಪೂರ್ವಪಕ್ಷದ ನಿಜವಾದ ಬಲವಿರುವುದು ಬೇರೊಂದು ಕಡೆ. ಅದಕ್ಕೆ ಶುನಃಶೇಪನ ಕಥೆಯನ್ನು ನೆನೆಯಬೇಕು. ಐತರೇಯ ಬ್ರಾಹ್ಮಣದಲ್ಲಿ ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನು ನೂರು ಗೋವುಗಳಿಗೆ ತನ್ನ ನಡುವಣ ಮಗನನ್ನು ಯಜ್ಞಪಶುವಾಗಿ ಮಾರುತ್ತಾನೆ. ಯೂಪಕ್ಕೆ ಕಟ್ಟಲು ಇನ್ನು ನೂರು, ಕೊಲ್ಲಲು ಮತ್ತೆ ನೂರು. ಅಲ್ಲಿ ಬಾಲಕನನ್ನು ಕೇಳಿದವರೇ ಇಲ್ಲ. ರಾಮಾಯಣದ ಬಾಲಕಾಂಡದಲ್ಲಿ ಈ ಕಥೆಯು ಮಾರ್ಪಟ್ಟಿದೆ. ತಂದೆಗೆ ಹಿರಿಯನು ಬೇಕು, ತಾಯಿಗೆ ಕಿರಿಯನು ಬೇಕು, ಆದುದರಿಂದ ನಡುವಣವನಾದ ತಾನು ಮಾರಲ್ಪಟ್ಟವನೆಂದು ತಿಳಿದು, ತನ್ನನ್ನು ಕರೆದುಕೊಂಡು ಹೋಗೆಂದು ಶುನಃಶೇಪನೇ ರಾಜನಿಗೆ ಹೇಳುತ್ತಾನೆ. ಬಾಯಿಯಿಂದ ಸಮ್ಮತಿಯು ಬಂದಿತು. ಆದರೆ ಅದು ಸಮ್ಮತಿಯೇ? ದಧೀಚಿಯೂ ಒಪ್ಪಿದನು, ಶುನಃಶೇಪನೂ ಒಪ್ಪಿದನು. ಬರೆದ ಕಾಗದವೊಂದನ್ನು ಮುಂದಿಟ್ಟಿದ್ದರೆ ಇಬ್ಬರೂ ರುಜು ಹಾಕುತ್ತಿದ್ದರು. ಆ ಎರಡು ರುಜುಗಳ ಅಂತರವನ್ನು ಕಾಗದವು ತೋರಿಸಲಾರದು.

ವೈದ್ಯದ ಇತಿಹಾಸದಲ್ಲಿ ಶುನಃಶೇಪರು ಅನೇಕರು. 1796ರಲ್ಲಿ ಜೆನ್ನರ್ ಮಹಾಶಯನು ಗೋಸಿಡುಬಿನ ರಸವನ್ನು ಚುಚ್ಚಿ, ಆಮೇಲೆ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿ ನೋಡಿದ್ದು ತನ್ನ ತೋಟಗಾರನ ಎಂಟು ವರ್ಷದ ಹುಡುಗನಿಗೆ. ಫಲವು ಲೋಕಕ್ಕೆ ಅಮೃತವಾಯಿತು. ಆದರೂ ಆ ಹುಡುಗನನ್ನು ಆರಿಸಿದುದು ಸರಿಯಾಯಿತೆಂದು ಫಲವು ಸಾಕ್ಷಿ ಹೇಳಲಾರದು. ಜರ್ಮನಿಯ ಸೆರೆಶಿಬಿರಗಳ ಘೋರಕೃತ್ಯಗಳ ವಿಚಾರಣೆಯಾದ ಮೇಲೆ, 1947ರ ನ್ಯೂರೆಂಬರ್ಗ್ ಸಂಹಿತೆಯು ಸ್ವಯಂಸಮ್ಮತಿಯನ್ನು ತನ್ನ ಹತ್ತು ನಿಯಮಗಳಲ್ಲಿ ಮೊದಲನೆಯದಾಗಿ ಇಟ್ಟಿತು. ದಧೀಚಿಯ ಕಥೆಯಲ್ಲಿ ಸಂಕಟವನ್ನು ನೆನಪಿಗೆ ತಂದವನು ದಾನಿ. ಇಂದಿನ ನಿಯಮದಲ್ಲಿ ಆ ಭಾರವು ಬೇಡುವವನ ಮೇಲೆ ಬಿದ್ದಿದೆ: ಏನೇನು ಕೇಡಾಗಬಹುದೋ ಎಲ್ಲವನ್ನೂ ಅವನೇ ಹೇಳಬೇಕು, ಕೇಳಿದವನಿಗೆ ಅರ್ಥವಾಯಿತೇ ಎಂದು ಪ್ರಶ್ನೆಗಳಿಂದ ಪರೀಕ್ಷಿಸಲೂ ಬೇಕು. ದೇವತೆಗಳಿಗಿಂತ ಇದು ಒಂದು ಹೆಜ್ಜೆ ಮುಂದೆ ಎಂದರೆ ತಪ್ಪಾಗದು.

ಎಚ್.ಐ.ವಿ. ಲಸಿಕೆಯ ವಿಷಯದಲ್ಲಿ ಹೇಳಲೇಬೇಕಾದ ಒಂದು ವಿಶೇಷವುಂಟು. ಲಸಿಕೆಯು ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿದರೆ, ಸಾಮಾನ್ಯವಾದ ರಕ್ತಪರೀಕ್ಷೆಯು ಆ ಪ್ರತಿಕಾಯಗಳನ್ನೇ ಕಂಡು ಆ ಮನುಷ್ಯನಿಗೆ ಸೋಂಕಿದೆಯೆಂದು ಸುಳ್ಳಾಗಿ ಸಾರಬಹುದು. ಕೆಲವರಲ್ಲಿ ಈ ಗುರುತು ವರ್ಷಗಟ್ಟಲೆ ಉಳಿಯುವುದು. ವೈರಾಣುವನ್ನೇ ಹುಡುಕುವ ಬೇರೆ ಪರೀಕ್ಷೆಯಿಂದ ಸತ್ಯವು ಹೊರಬೀಳುತ್ತದೆ, ನಿಜ. ಆದರೆ ಮದುವೆಯ ಮಾತುಕತೆಯಲ್ಲಿಯೋ, ಉದ್ಯೋಗದ ತಪಾಸಣೆಯಲ್ಲಿಯೋ ಮೊದಲ ಕಾಗದವನ್ನು ಕಂಡವರು ಎರಡನೆಯ ಕಾಗದಕ್ಕಾಗಿ ಕಾಯುವರೇ? ದಧೀಚಿಯು ಎಲುಬನ್ನು ಕೊಟ್ಟು ಕೀರ್ತಿಯನ್ನು ಪಡೆದನು. ಇಲ್ಲಿಯ ದಾನಿಯು ಎಲುಬನ್ನು ಉಳಿಸಿಕೊಂಡು ಕೀರ್ತಿಯನ್ನೇ ಪಣಕ್ಕಿಡುತ್ತಾನೆ. ಇನ್ನು ಮಾನಕ್ಕೆ ಬರುವ ಕುಂದು ಅವನೊಬ್ಬನದಾಗಿಯೂ ಉಳಿಯದು; ಹೆಂಡತಿಗೂ ತಂಗಿಗೂ ತಟ್ಟುವುದು. ಹಾಗಾದರೆ ಅವರ ಸಮ್ಮತಿಯೂ ಬೇಕೇ? ನಿಯಮವು ಅವನೊಬ್ಬನ ರುಜುವನ್ನು ಕೇಳುತ್ತದೆ, ಅದು ಯುಕ್ತವೂ ಹೌದು. ಮನೆಯವರ ಒಪ್ಪಿಗೆಯೇ ಬೇಕೆಂದರೆ ಮನೆಯವರ ಬಲಾತ್ಕಾರಕ್ಕೂ ಬಾಗಿಲು ತೆರೆದಂತಾಗುವುದು. ಆದರೂ ಮನೆಯಲ್ಲಿ ಒಂದು ಮಾತನ್ನೂ ಆಡದೆ ಹೋಗುವವನ ದಾನದಲ್ಲಿ, ಪರರ ಭಾಗವಾದುದೂ ಅಷ್ಟಿಷ್ಟು ಸೇರಿರುವುದೆಂಬ ಶಂಕೆ ಉಳಿದೇ ಉಳಿಯುತ್ತದೆ.

ಹಣದ ವಿಷಯವು ಅಷ್ಟು ಜಟಿಲವಲ್ಲ. ಪ್ರಯಾಣದ ವೆಚ್ಚ, ತಪ್ಪಿಹೋದ ಕೂಲಿ ಇವುಗಳನ್ನು ತುಂಬಿಕೊಡುವುದು ನ್ಯಾಯ. ಅದಕ್ಕೆ ಮೀರಿದ ಮೊತ್ತವು ಅಜೀಗರ್ತನ ನೂರು ಗೋವುಗಳ ದಾರಿಯನ್ನು ಹಿಡಿಯುತ್ತದೆ.

ಇವರನ್ನು ಪ್ರಯೋಗಶಾಲೆಯ ಗಿನಿಹಂದಿಗಳೆಂದು ಕರೆಯುವ ವಾಡಿಕೆ ಪತ್ರಿಕೆಗಳಲ್ಲಿದೆ. ಅದು ಅವಿಚಾರದ ಮಾತು. ಗಿನಿಹಂದಿಯು ಪಂಜರವನ್ನು ಬಿಟ್ಟು ಹೋಗಲಾರದು. ಪರೀಕ್ಷೆಗೆ ಒಪ್ಪಿದವನು ಯಾವ ಕ್ಷಣದಲ್ಲಾದರೂ, ಕಾರಣವನ್ನು ಹೇಳದೆಯೇ, ಹಿಂದೆ ಸರಿಯಬಹುದು. ಧರ್ಮಶಾಸ್ತ್ರವು ದತ್ತಾಪಹಾರವನ್ನು, ಎಂದರೆ ಕೊಟ್ಟುದನ್ನು ಮರಳಿ ಪಡೆಯುವುದನ್ನು, ಪಾಪವೆಂದು ಗಣಿಸಿತು. ಇಲ್ಲಿಯಾದರೋ ಹಿಂದೆಗೆಯುವ ಹಕ್ಕು ಉಳಿದಿದ್ದರೆ ಮಾತ್ರ ದಾನವು ದಾನ. ಮೈಸೇರಿದ ಮದ್ದು ಹಿಂದಕ್ಕೆ ಬಾರದೆಂಬುದು ಬೇರೆ ಮಾತು. ಅದನ್ನೂ ಮೊದಲೇ ಹೇಳಬೇಕು.

ಕೊನೆಗೆ ಫಲದ ಪ್ರಶ್ನೆ. ದಧೀಚಿಯ ಅಸ್ಥಿಯಿಂದ ವಜ್ರಾಯುಧವಾಯಿತು, ವೃತ್ರನು ಸತ್ತನು. ಬೆಥೆಸ್ಡಾದ ಲಸಿಕೆಯಿಂದ ಯಾವ ವಜ್ರವೂ ಆಗಲಿಲ್ಲ. ಪುಣೆಯಲ್ಲಿ ನೋಡಿದ ಲಸಿಕೆಯು ನಿರಪಾಯವೆಂದು ಕಂಡುಬಂದರೂ ದೇಹವನ್ನು ಸಾಕಷ್ಟು ಎಚ್ಚರಿಸದೆ ಹೋಯಿತು, ಅದನ್ನು ಮುಂದುವರಿಸಲಿಲ್ಲ. ಈ ದಾನಗಳು ವ್ಯರ್ಥವೇ? ಫಲಾಪೇಕ್ಷೆಯಿಲ್ಲದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ಪೂರ್ಣಸತ್ಯವಲ್ಲ. ಈ ಜನರು ಫಲವನ್ನು ಬಯಸಿಯೇ ಬಂದರು, ತಮಗಾಗಿ ಬಯಸಲಿಲ್ಲ ಅಷ್ಟೆ. ಈ ದಾರಿಯಲ್ಲಿ ಊರಿಲ್ಲವೆಂದು ನಡೆದು ನೋಡಿ ಬಂದವನಿಂದ ಹಿಂದೆ ಬರುವವರಿಗೆ ಒಂದು ದಿನದ ನಡಿಗೆಯು ಉಳಿಯುತ್ತದೆ.

2018ರಲ್ಲಿ ಅಮೆರಿಕೆಯ ವಾಷಿಂಗ್ಟನ್ ಮತ್ತು ಸಿಯಾಟಲ್ ನಗರಗಳಲ್ಲಿ 48 ಮಂದಿ ವಯಸ್ಕರೊಡನೆ ಮತ್ತೊಂದು ಪರೀಕ್ಷೆಯು ತೊಡಗಿತು. ತೋಳಿಗೆ ಸೂಜಿಯನ್ನು ಚುಚ್ಚಿದುದಲ್ಲದೆ ಅವರ ರಕ್ತವನ್ನೂ, ಕಂಕುಳಿನ ಗ್ರಂಥಿಗಳ ಕಣಗಳನ್ನೂ ತೆಗೆದು ನೋಡಿದರು. ಲಸಿಕೆಯನ್ನು ಪಡೆದ 36 ಮಂದಿಯಲ್ಲಿ 35 ಮಂದಿಯ ದೇಹವು ಬಯಸಿದ ಬಗೆಯ ಪ್ರತಿಕಾಯಗಳ ಮೊದಲ ಮೊಳಕೆಯನ್ನು ತೋರಿತೆಂದು 2022ರಲ್ಲಿ ಪ್ರಕಟವಾಯಿತು. ಉಳಿದ 12 ಮಂದಿಗೆ ದೊರೆತುದು ಬರಿಯ ದ್ರವ. ಚುಚ್ಚಿಸಿಕೊಂಡ ದಿನ ತಮ್ಮ ತೋಳಿಗೆ ಇಳಿದುದು ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಉಳಿದ 36 ಮಂದಿಗೂ ತಿಳಿದಿರಲಿಲ್ಲ.